ಜೊವಿಟಾ ಕಾಪಾಡಿದ ನನ್ನ ಗುಟ್ಟು

ಗಂಡಸಿಗೂ ಸ್ತನದ ಕ್ಯಾನ್ಸರ್ ಬರುತ್ತದೆ ಎಂದು ನನಗೆ ಗೊತ್ತಾದದ್ದು ಅದು ನನಗೇ ಬಂದಾಗ. ಅದಕ್ಕೆ ಮೊದಲು ಯಾರಾದರೂ ಹಾಗೆಂದಿದ್ದರೆ ಅಂಗಡಿಯ ಕೌಂಟರ್ ತಟ್ಟಿ ನಕ್ಕುಬಿಡುತ್ತಿದ್ದೆ. ಕೊಟ್ಟಾರದಲ್ಲಿ ಹೆದ್ದಾರಿಯ ಬದಿಗೆ ನನ್ನದೊಂದು ಪಂಪ್‌ಸೆಟ್ ಅಂಗಡಿ ಇದೆ. ಮಸ್ಕತ್‌ನಲ್ಲಿ ದುಡಿದು ಬಂದ ಮೇಲೆ ಹಾಕಿದ್ದು. ಐವತ್ತು ದಾಟಿದ ಮೇಲೂ ಮೋಟಾರನ್ನು ಒಬ್ಬನೇ ಎತ್ತಿ ಗಿರಾಕಿಯ ಗಾಡಿಗೆ ಇಡುತ್ತಿದ್ದೆ. ಇದು ಕಬಡ್ಡಿ ಆಡಿದ ಎದೆ ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಮನೆಯಲ್ಲಿ ಅಂಗಿ ಹಾಕುವ ಅಭ್ಯಾಸವೇ ನನಗಿರಲಿಲ್ಲ. ಇಂಥವನ ಎದೆಯನ್ನೇ ಆ ಕಾಯಿಲೆ ಹುಡುಕಿಕೊಂಡು ಬಂತು.

ಕಾಯಿಲೆಯನ್ನು ಗೆದ್ದವರ ಕಥೆಗಳನ್ನು ಓದಿದರೆ ನನಗೆ ಮುಜುಗರವಾಗುತ್ತದೆ. ನಾನು ಗೆದ್ದದ್ದು ಏನೂ ಇಲ್ಲ. ಮದ್ದು ನನಗೆ ಹಿಡಿಯಿತು, ಜೊವಿಟಾಳಿಗೆ ಹಿಡಿಯಲಿಲ್ಲ, ಅಷ್ಟೇ. ಜೊವಿಟಾ ನನ್ನ ಪಕ್ಕದ ಮಂಚದಲ್ಲಿ ಮಲಗಿ ಮದ್ದು ಹಾಕಿಸಿಕೊಂಡ ಹುಡುಗಿ. ಮನೆ ಬಿಕರ್ನಕಟ್ಟೆಯಲ್ಲಿ, ಕೆಲಸ ಶಾಲೆಯಲ್ಲಿ ವಿಜ್ಞಾನದ ಟೀಚರ್, ವಯಸ್ಸು ಮೂವತ್ತು ತುಂಬಿರಲಿಲ್ಲ. ಅವಳನ್ನು ನೆನೆದಾಗ ನನಗೆ ದುಃಖಕ್ಕಿಂತ ಮೊದಲು ಬರುವುದು ನಾಚಿಕೆ. ನನ್ನ ಹಾಗೆ ಎದೆ ಮುಚ್ಚಿಕೊಂಡು ಓಡಾಡುವ ಗಂಡಸು ಇನ್ನೊಬ್ಬ ಎಲ್ಲಾದರೂ ಇದ್ದರೆ ಅವನಿಗೆ ಇದು ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಶುರುವಾದದ್ದು ಬನಿಯನ್ನಿನ ಕಲೆಯಿಂದ. ಎಡಗಡೆ ಒಂದು ಕಂದು ಚುಕ್ಕೆ. ನನ್ನ ಹೆಂಡತಿ ಶಶಿ ಒಗೆಯುವಾಗ ನೋಡಿ, "ಎಂತ ಇದು, ಗಾಯ ಉಂಟಾ?" ಎಂದು ಕೇಳಿದಳು. ಮೋಟಾರು ಎತ್ತುವಾಗ ತರಚಿರಬೇಕು ಎಂದೆ. ಕೆಲವು ದಿನಗಳ ಮೇಲೆ ಮತ್ತೊಂದು ಬನಿಯನ್ನಿನಲ್ಲೂ ಕಲೆ ಕಂಡಿತು. ಈ ಸಲ ಅವಳು ಏನೂ ಕೇಳದೆ ಬನಿಯನ್ನನ್ನು ತಂದು ನನ್ನ ಚಹಾದ ಲೋಟದ ಪಕ್ಕ ಇಟ್ಟಳು. ನಮ್ಮ ಮನೆಯಲ್ಲಿ ಜಗಳಕ್ಕಿಂತ ಅವಳ ಮೌನಕ್ಕೆ ಹೆಚ್ಚು ಬೆಲೆ. ಅದೇ ದಿನ ಡಾಕ್ಟರ ಹತ್ತಿರ ಹೋದೆ.

ಅವರು ಒತ್ತಿ ನೋಡಿ ಪೇಟೆಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಸರ್ಜನ್ನರ ಕೋಣೆಯ ಹೊರಗೆ ಕೂತವರೆಲ್ಲ ಹೆಂಗಸರು. ಕೆಲವರ ಪಕ್ಕದಲ್ಲಿ ಗಂಡಂದಿರಿದ್ದರು, ನೆಲ ನೋಡುತ್ತಾ, ಮೊಬೈಲು ಒತ್ತುತ್ತಾ. ನಾನೂ ಅವರ ಹಾಗೆಯೇ ಕೂತೆ. ಗೋಡೆಯ ಮೇಲೆ ಎದೆಯನ್ನು ಕೈಯಲ್ಲಿ ಪರೀಕ್ಷಿಸಿಕೊಳ್ಳುವ ಹೆಂಗಸಿನ ಚಿತ್ರವಿತ್ತು. ಅದನ್ನು ನೋಡಿದರೆ ತಪ್ಪು, ನೋಡದಿದ್ದರೆ ಕಣ್ಣು ಎಲ್ಲಿಡುವುದು ಎಂದು ತಿಳಿಯದೆ ಫ್ಯಾನನ್ನು ನೋಡುತ್ತಿದ್ದೆ. ನಮ್ಮ ಟೋಕನ್ ನಂಬರು ಕೂಗಿದಾಗ ಇಬ್ಬರೂ ಎದ್ದೆವು. ನರ್ಸು ಶಶಿಗೆ ಬಾಗಿಲು ಹಿಡಿದು, ನನಗೆ ಕೈ ಅಡ್ಡ ಹಿಡಿದಳು. "ಗಂಡಸರು ಹೊರಗೆ ಕೂತ್ಕೊಳ್ಳಿ, ಬೇಕಾದ್ರೆ ಕರೀತೇವೆ."

ಶಶಿ ಒಳಗೆ ಹೋದಳು. ನಾನು ಹೊರಗೆ ಉಳಿದೆ. ಬಾಯಿಬಿಟ್ಟು "ಪೇಷಂಟ್ ನಾನು" ಎನ್ನಲು ನನ್ನಿಂದ ಆಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ನರ್ಸೇ ಬಾಗಿಲು ತೆರೆದು, ಈ ಸಲ ನನ್ನ ಮುಖ ನೋಡದೆ, ಒಳಗೆ ಬರುವಂತೆ ಸನ್ನೆ ಮಾಡಿದಳು. ಎದ್ದು ತಿರುಗಿದರೆ ಕಾರಿಡಾರಿನಲ್ಲಿ ಯಶೋದಕ್ಕ! ನಮ್ಮ ಬೇಲಿಯಾಚೆಯ ಮನೆಯವರು, ಮೊಣಕಾಲು ತೋರಿಸಲು ಬಂದಿದ್ದರು. ಶಶಿ ಒಳಗೆ ಹೋದದ್ದನ್ನು, ಆಮೇಲೆ ನನ್ನನ್ನು ಕರೆದದ್ದನ್ನು ನೋಡಿದ್ದರು. ಬಾಗಿಲ ಮೇಲಿನ ಸ್ತನ ಕ್ಯಾನ್ಸರ್ ವಿಭಾಗದ ಬೋರ್ಡನ್ನೂ ಓದಿದ್ದರು.

ಮರುದಿನ ಬೆಳಿಗ್ಗೆಯೇ ಅವರು ಮನೆಗೆ ಬಂದು ಶಶಿಯ ಎರಡೂ ಕೈ ಹಿಡಿದುಕೊಂಡರು. "ಎಂತ ಹೇಳುವುದು ಮಾರಾಯ್ತಿ. ನೀನು ಹೆದರ್ಬೇಡ. ಈಗ ಎಲ್ಲದಕ್ಕೂ ಮದ್ದು ಉಂಟು."

ಶಶಿ ನನ್ನ ಕಡೆ ನೋಡಿದಳು. ನಾನು ಪೇಪರು ಓದುತ್ತಿದ್ದೆ. ಪುಟ ತಿರುಗಿಸಿದೆ. ಇಷ್ಟೇ ನಾನು ಮಾಡಿದ್ದು. ಒಂದು ಸುಳ್ಳನ್ನೂ ಬಾಯಿಂದ ಆಡಲಿಲ್ಲ. ಯಶೋದಕ್ಕ ಹೋದ ಮೇಲೆ, ಅವರಿಗೆ ನಿಜ ಹೇಳಬಹುದಿತ್ತಲ್ಲ ಎಂದು ಶಶಿಯನ್ನೇ ಕೇಳಿದೆ. ಆ ಕ್ಷಣ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

"ನಾನು ಹೇಳ್ಬೇಕಾದ್ದಾ ಅದು?" ಎಂದಳು ಅವಳು. ಮತ್ತೆ ನನ್ನ ಮುಖ ನೋಡಿ ದನಿ ಇಳಿಸಿದಳು. "ಇರ್ಲಿ ಬಿಡಿ. ಮೊದಲು ನಿಮಗೆ ಗುಣ ಆಗ್ಲಿ. ಮತ್ತೆ ನೋಡುವ."

ಹೀಗೆ ನನ್ನ ಕಾಯಿಲೆ ಶಶಿಯ ಹೆಸರಿಗೆ ಹೋಯಿತು. ದುಬೈಯಲ್ಲಿರುವ ಮಗಳಿಗೆ ಮಾತ್ರ ನಿಜ ಹೇಳಿದೆವು. ಉಳಿದ ಊರಿಗೆಲ್ಲ ಶಶಿಯೇ ಪೇಷಂಟ್. ಆಪರೇಷನ್ ಆದದ್ದು ನನಗೆ, ಎದೆಯ ಎಡಭಾಗ ತೆಗೆದು ಹೊಲಿಗೆ ಹಾಕಿದ್ದು ನನಗೆ. ಗಂಜಿ, ಎಳನೀರು, ಪ್ರಸಾದ ಬಂದದ್ದು ಅವಳಿಗೆ. ಯಶೋದಕ್ಕನ ಎದುರು ಅವಳು ಸಪ್ಪೆ ಗಂಜಿ ಕುಡಿಯಬೇಕು. ಒಳಗಿನ ಕೋಣೆಯಲ್ಲಿ ನಾನು ನೋವು ನುಂಗಿಕೊಂಡು, ಬೆನ್ನು ಹಿಡಿದಿದೆ ಎಂದು ಮಲಗಬೇಕು. ನೆನೆದರೆ ನಗುವೂ ಬರುತ್ತದೆ. ಆದರೆ ಅದರಲ್ಲಿ ನಗುವಂಥದ್ದು ಶಶಿಗೆ ಏನೂ ಇರಲಿಲ್ಲ.

ಜೊವಿಟಾಳ ಪರಿಚಯವಾದದ್ದು ಕೀಮೋ ವಾರ್ಡಿನಲ್ಲಿ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ವಾರ್ಡು ಅದು, ಗಂಡಸರು ಹೆಂಗಸರು ಎಂದಿಲ್ಲ, ಮಂಚಗಳ ನಡುವೆ ಪರದೆ ಮಾತ್ರ. ಮೊದಲ ದಿನ ನನ್ನ ಕೈಗೆ ಸೂಜಿ ಚುಚ್ಚಿ ಮದ್ದು ಬಿಟ್ಟು ಹೋದ ಮೇಲೆ ಪಕ್ಕದ ಪರದೆ ಸರಿಯಿತು. ತಲೆಗೆ ಹಳದಿ ಬಟ್ಟೆ ಕಟ್ಟಿದ್ದ, ತೆಳ್ಳಗಿನ ಹುಡುಗಿಯೊಬ್ಬಳು ನನ್ನನ್ನು, ಸ್ಟೂಲಿನಲ್ಲಿ ಕೂತಿದ್ದ ಶಶಿಯನ್ನು ಒಂದು ಸಲ ನೋಡಿದಳು. ಸರ್ಜನ್ನರ ಕೋಣೆಯ ಹೊರಗೆ ಅವಳು ನಮ್ಮನ್ನೂ ನಾವು ಅವಳನ್ನೂ ಕಂಡಿದ್ದೆವು.

"ಅಂಕಲ್," ಎಂದಳು ಗಂಭೀರವಾಗಿ, "ನರ್ಸ್ ತಪ್ಪಿ ನಿಮಗೆ ಹಾಕಿದ್ದಾರೆ. ಮದ್ದು ಆಂಟಿಗಲ್ವಾ?"

ಶಶಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಗೋಡೆಯ ಕಡೆ ತಿರುಗಿದೆ. ಹುಡುಗಿ ಬಿಡಲಿಲ್ಲ. "ನಾಚಿಕೆ ಮಾಡ್ಬೇಡಿ ಮಾರಾಯ್ರೆ. ನಮ್ಮ ಕ್ಲಬ್ಬಿಗೆ ಗಂಡಸರು ಸೇರುವುದು ಕಮ್ಮಿ. ನಿಮಗೆ ಸ್ವಾಗತ."

ನನಗೆ ಸಿಟ್ಟು ಬಂದಿತ್ತು. ಅರ್ಧ ಗಂಟೆ ಮಾತಾಡಲಿಲ್ಲ. ಅವಳು ಮಡಿಲಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಇಟ್ಟುಕೊಂಡು, ಸೂಜಿ ಇಲ್ಲದ ಕೈಯಲ್ಲಿ ತಿದ್ದುತ್ತಿದ್ದಳು. ಒಮ್ಮೆಲೇ ಒಬ್ಬಳೇ ನಗತೊಡಗಿದಳು. "ಕೇಳಿ ಅಂಕಲ್. ಹೃದಯದ ಕೆಲಸವೇನು ಅಂತ ಪ್ರಶ್ನೆ. ಇವನು ಬರೆದದ್ದು, ಹೃದಯದ ಕೆಲಸ ಡಬ್ ಡಬ್ ಎನ್ನುವುದು. ಮಾರ್ಕ್ ಕೊಡ್ಲಾ ಬೇಡ್ವಾ?"

"ಅರ್ಧ ಕೊಡಿ ಟೀಚರ್," ಎಂದೆ. ಅಲ್ಲಿಗೆ ನನ್ನ ಸಿಟ್ಟು ಇಳಿಯಿತು.

ಆಮೇಲೆ ನಮ್ಮ ತಾರೀಕುಗಳು ಹೆಚ್ಚುಕಡಿಮೆ ಒಟ್ಟಿಗೆ ಬರುತ್ತಿದ್ದವು. ಕೊಡಿಯಾಲ್‌ಬೈಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ನಾವು ತಡವಾದರೆ ಅವಳು ಪಕ್ಕದ ಮಂಚಕ್ಕೆ ತನ್ನ ಚೀಲ ಇಟ್ಟು ಹಿಡಿದಿರುತ್ತಿದ್ದಳು, ಸಿಟಿ ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ತುಳು, ಟೀಚರ್‌ಗಿರಿ ಮಾಡುವಾಗ ಕನ್ನಡ ಅವಳಿಗೆ. ವಾಂತಿಗೆ ಮೊದಲು ನೆಲ್ಲಿಕಾಯಿ ಉಪ್ಪಿನಕಾಯಿ ನೆಕ್ಕಬೇಕು ಎಂದು ನನಗೆ ಹೇಳಿಕೊಟ್ಟವಳು ಅವಳು. ಕೆಂಪು ಮದ್ದು ಹಾಕಿದ ದಿನ ಮೂತ್ರ ಕೆಂಪಾದರೆ ಹೆದರಿ ಬೊಬ್ಬೆ ಹಾಕಬೇಡಿ ಎಂದು ಮೊದಲೇ ಎಚ್ಚರಿಸಿದವಳೂ ಅವಳೇ. ಡಾಕ್ಟರುಗಳು ಹೇಳದ ಇಂಥ ಸಣ್ಣ ಸಣ್ಣ ವಿಷಯಗಳೇ ನನ್ನನ್ನು ಆ ತಿಂಗಳುಗಳಲ್ಲಿ ದಾಟಿಸಿದವು.

ಅವಳ ತಾಯಿ ಲಿಲ್ಲಿಬಾಯಿ ವಾರ್ಡಿನೊಳಗೆ ಬರುತ್ತಿರಲಿಲ್ಲ. ಜೊವಿಟಾ ಬಿಡುತ್ತಿರಲಿಲ್ಲ. "ಮಮ್ಮಿ ಒಳಗೆ ಬಂದ್ರೆ ಅಳ್ತಾರೆ. ಅವರನ್ನು ಸಮಾಧಾನ ಮಾಡ್ಲಿಕ್ಕೆ ನಾನು ಎದ್ದು ಕೂತ್ಕೊಳ್ಬೇಕು," ಎನ್ನುತ್ತಿದ್ದಳು. ಅವರು ಕೆಳಗಿನ ಹಾಲ್‌ನಲ್ಲಿ ಜಪಮಾಲೆ ಹಿಡಿದು ಸಂಜೆಯವರೆಗೆ ಕೂತಿರುತ್ತಿದ್ದರು. ಹೋಗುವಾಗ ಬರುವಾಗ ಶಶಿಯನ್ನು ಕಂಡರೆ ಕೈ ಹಿಡಿದು, "ಇವತ್ತಿನದು ಮುಗೀತಾ? ಸುಸ್ತು ಉಂಟಾ?" ಎಂದು ಕೇಳುವರು. ಅವರೂ ಶಶಿಯೇ ಪೇಷಂಟ್ ಎಂದು ತಿಳಿದಿದ್ದರು. ಶಶಿ ಅಷ್ಟರಲ್ಲಿ ಆ ಪ್ರಶ್ನೆಗೆ ಪಳಗಿಬಿಟ್ಟಿದ್ದಳು. "ಪರ್ವಾಗಿಲ್ಲ ಬಾಯಮ್ಮ" ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದಳು. ನಾನು ಜೊವಿಟಾಳ ಹತ್ತಿರ, "ನಿನ್ನ ಮಮ್ಮಿಗೂ ಹೇಳಬೇಡ," ಎಂದು ಕೇಳಿಕೊಂಡಿದ್ದೆ. ಅವಳು ಕಣ್ಣು ಅಗಲಿಸಿ ನನ್ನನ್ನು ನೋಡಿ, "ಪ್ರಾಮಿಸ್" ಎಂದಿದ್ದಳು.

ಆ ಪ್ರಾಮಿಸಿನ ಪರೀಕ್ಷೆಯೂ ಆಯಿತು. ಒಂದು ದಿನ ಯಾರಿಗೂ ಹೇಳದೆ ಯಶೋದಕ್ಕ ಎಳನೀರು ಹಿಡಿದುಕೊಂಡು ವಾರ್ಡಿಗೇ ಬಂದುಬಿಟ್ಟರು. ನಾನು ಮಂಚದ ಮೇಲೆ, ಕೈಗೆ ಟ್ಯೂಬು, ಟ್ಯೂಬಿನಲ್ಲಿ ಕೆಂಪು ಮದ್ದು. ಶಶಿ ಸ್ಟೂಲಿನಲ್ಲಿ. ಶಶಿ ಬಾಯಿ ತೆರೆಯುವ ಮೊದಲೇ ಜೊವಿಟಾ ಎದ್ದು ಕೂತು ಟೀಚರ್ ದನಿಯಲ್ಲಿ ಹೇಳಿದಳು, "ಆಂಟಿಯದ್ದು ಆಯ್ತು. ಈಗ ಅಂಕಲ್ ಆಂಟಿಗೆ ರಕ್ತ ಕೊಡ್ತಾ ಇದ್ದಾರೆ. ಮಾತಾಡಿಸ್ಬೇಡಿ, ತಲೆ ತಿರುಗ್ತದೆ."

ಯಶೋದಕ್ಕನ ಕಣ್ಣು ತುಂಬಿಬಂತು. ನನಗೆ ಕೈ ಮುಗಿದರು. ಆಮೇಲೆ ನನ್ನ ಕೂದಲು ಉದುರಲು ಶುರುವಾಗಿ ತಲೆ ಬೋಳಿಸಿಕೊಂಡಾಗ, ಅದು ಹೆಂಡತಿಗೆ ಗುಣವಾಗಲೆಂದು ನಾನು ಹೊತ್ತ ಹರಕೆ ಎಂದು ಅವರೇ ತೀರ್ಮಾನಿಸಿ ಊರಿಗೆಲ್ಲ ಹೇಳಿದರು. ಶಶಿಯ ಜಡೆ ಮೊದಲಿದ್ದ ಹಾಗೆಯೇ ಇದ್ದದ್ದು ಆ ಹರಕೆಯ ಫಲವಾಯಿತು. ಅಂಗಡಿಗೆ ಬಂದ ಗಿರಾಕಿಗಳು, "ದಯಾನಂದಣ್ಣ, ನಿಮ್ಮಂಥ ಗಂಡ ಸಿಗ್ಲಿಕ್ಕೆ ಪುಣ್ಯ ಮಾಡಿರ್ಬೇಕು," ಎಂದರು. ನಾನು ಬೋಳುತಲೆ ಸವರಿಕೊಂಡೆ. ಹೊಗಳಿಕೆ ಕೇಳಿ ಭೂಮಿ ಬಾಯಿಬಿಡಬಾರದೇ ಎನಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಜೊವಿಟಾಳಿಗೆ ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಸೂಜಿ ಜಾರಿ ನರ್ಸಿನಿಂದ ಬೈಸಿಕೊಂಡಳು.

ಆ ನಗು ನಿಂತದ್ದು ನನ್ನ ಅಣ್ಣನ ಮಗನ ಮದುವೆಯ ನಂತರ. ಮದುವೆ ನಮ್ಮ ಕುಟುಂಬದವರು ನಡೆದುಕೊಳ್ಳುವ ದೇವಸ್ಥಾನದಲ್ಲಿ. ನಮ್ಮ ಕಡೆಯ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ಬನಿಯನ್ ತೆಗೆದು, ಹೆಗಲಿಗೆ ಶಾಲು ಹಾಕಿಕೊಂಡು ಒಳಗೆ ಹೋಗಬೇಕು. ಐವತ್ತು ವರ್ಷ ಯೋಚಿಸದೆ ಮಾಡಿದ ಕೆಲಸ. ಆ ದಿನ ಹೊರಗಿನ ಮೆಟ್ಟಿಲಲ್ಲಿ ನಿಂತಾಗ ಮೊದಲ ಗುಂಡಿಗೆ ಕೈ ಹೋಯಿತು, ಮುಂದೆ ಹೋಗಲಿಲ್ಲ. ಅಣ್ಣ ಒಳಗಿನಿಂದ ಕರೆದ. ಕಾರುಗಳನ್ನು ಸರಿಯಾಗಿ ನಿಲ್ಲಿಸಬೇಕು, ನೀವು ಶುರು ಮಾಡಿ ಎಂದೆ. ಧಾರೆಯ ಓಲಗ ಕೇಳಿಸುತ್ತಿತ್ತು. ಹುಡುಗನಿಗೆ ಅಕ್ಷತೆ ಹಾಕಬೇಕಾದ ಚಿಕ್ಕಪ್ಪ ಹೊರಗೆ ಚಪ್ಪಲಿಗಳ ನಡುವೆ ನಿಂತಿದ್ದ.

ಒಳಗೆ ಶಶಿ ಒಬ್ಬಳೇ ಇದ್ದಳು. ಮನೆಗೆ ಬರುವಾಗ ಕಾರಿನಲ್ಲಿ ಅವಳು ಹೇಳಿದ್ದು ಒಂದೇ ಮಾತು. "ಇವತ್ತು ಯಾರೂ ನನ್ನ ಮುಖ ನೋಡಿ ಮಾತಾಡ್ಲಿಲ್ಲ. ಸ್ವಲ್ಪ ಕೆಳಗೆ ನೋಡಿ ಮಾತಾಡಿದ್ರು. ಯಾವ ಬದಿಯದ್ದು ಅಂತ ನೋಡ್ತಾ ಇದ್ರು."

ಮುಂದಿನ ಕೀಮೋ ದಿನ ಶಶಿ ಇದನ್ನು ಜೊವಿಟಾಳಿಗೆ ಹೇಳಿದಳು. ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದ್ದೆ. ಶಶಿ ಚಹಾ ತರಲು ಹೋದ ಮೇಲೆ ಜೊವಿಟಾ ಪರದೆ ಸರಿಸಿದಳು.

"ಅಂಕಲ್, ನಿಮಗೆ ನಿದ್ದೆ ಬಂದಿಲ್ಲ ಅಂತ ನನಗೆ ಗೊತ್ತುಂಟು."

ಕಣ್ಣು ತೆರೆದೆ. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ನನಗೆ ಗಂಟು ಗೊತ್ತಾದದ್ದು ಯಾವಾಗ ಹೇಳಿ? ಡಾಕ್ಟರ ಹತ್ರ ಹೋಗುವುದಕ್ಕೆ ಸುಮಾರು ಒಂದು ವರ್ಷ ಮೊದಲು. ಸ್ನಾನ ಮಾಡುವಾಗ ಕೈಗೆ ಸಿಕ್ಕಿತು. ಮಕ್ಕಳಿಗೆ ಶರೀರದ ಪಾಠ ಮಾಡುವ ಟೀಚರ್ ನಾನು. ನಾಚಿಕೆಯಿಂದ ಮಮ್ಮಿಗೆ ಹೇಳ್ಲಿಲ್ಲ. ಡಾಕ್ಟ್ರು ಗಂಡಸಾದ್ರೆ ತೋರಿಸುವುದು ಹೇಗೆ ಅಂತ ಹೋಗ್ಲಿಲ್ಲ. ಆಗ ಮದುವೆಯ ಮಾತು ಬೇರೆ ನಡೀತಾ ಇತ್ತು." ತಲೆಯ ಬಟ್ಟೆ ಸರಿಮಾಡಿಕೊಂಡು ಹೇಳಿದಳು, "ನಿಮ್ಮ ನಾಚಿಕೆಗೆ ಒಂದು ಸುಳ್ಳು ಸಾಕಾಯ್ತು. ನನ್ನದಕ್ಕೆ ನಾನೇ ಬೇಕಾಯ್ತು."

ನಾನು ಮದ್ದಿನ ಹನಿ ಬೀಳುವುದನ್ನು ನೋಡುತ್ತಾ ಬಿದ್ದುಕೊಂಡಿದ್ದೆ. ಅವಳೇ ಮೆಲ್ಲಗೆ ಮತ್ತೆ ಕೇಳಿದಳು, "ನಿಮ್ಮ ಹೊಲಿಗೆಯ ಗೆರೆ ಸೀದಾ ಉಂಟಾ?"

"ಉಂಟು."

"ನಂದು ಸೊಟ್ಟ. ಪೋಕ್ರಿ ಮಕ್ಕಳು ಬೋರ್ಡಲ್ಲಿ ಎಳೆದ ಹಾಗೆ. ಮಮ್ಮಿಗೆ ತೋರಿಸ್ಲಿಲ್ಲ ನಾನು. ಡ್ರೆಸ್ಸಿಂಗ್ ಮಾಡುವಾಗ ಬಾಗಿಲು ಹಾಕ್ತೇನೆ. ಸಣ್ಣದಿರುವಾಗ ನನ್ನ ಮೊಣಕಾಲು ತರಚಿದ್ರೂ ಊಟ ಬಿಡ್ತಿದ್ದ ಹೆಂಗಸು. ಇದನ್ನು ನೋಡಿದ್ರೆ ಸತ್ತೇ ಹೋಗ್ತಾರೆ."

"ತಾಯಿ ಅಲ್ವಾ ಮಗಾ, ತೋರಿಸು," ಎಂದೆ.

"ನೀವು ಮೊದಲು ಯಶೋದಕ್ಕನಿಗೆ ತೋರಿಸಿ. ಮತ್ತೆ ನಾನು ಮಮ್ಮಿಗೆ ತೋರಿಸ್ತೇನೆ."

ಶಶಿ ಚಹಾ ತಂದಳು. ಮೂವರೂ ಕುಡಿದೆವು. ಆ ದಿನದ ಮಾತು ಅಲ್ಲಿಗೆ ನಿಂತಿತು.

ಕೆಲವು ತಿಂಗಳಿಗೆ ನನ್ನ ಕೀಮೋ ಸುತ್ತುಗಳು ಮುಗಿದವು. ಇನ್ನು ದಿನಕ್ಕೊಂದು ಮಾತ್ರೆ, ವರ್ಷಗಟ್ಟಲೆ. ಹೆಂಗಸರಿಗೆ ಕೊಡುವ ಮಾತ್ರೆಯೇ. ಮೆಡಿಕಲ್‌ನವನು ಪ್ರತಿ ಸಲ, "ಆಂಟಿ ಹೇಗಿದ್ದಾರೆ?" ಎಂದು ಕೇಳಿ ಬಿಲ್ಲು ಹರಿದು ಕೊಡುತ್ತಿದ್ದ. ಚೆನ್ನಾಗಿದ್ದಾಳೆ ಎನ್ನುತ್ತಿದ್ದೆ. ಆ ಹೊತ್ತಿಗೆ ಜೊವಿಟಾಳಿಗೆ ಕೆಮ್ಮು ಶುರುವಾಗಿತ್ತು. ಸ್ಕ್ಯಾನ್ ಮಾಡಿದರೆ ಶ್ವಾಸಕೋಶಕ್ಕೆ ಹೋಗಿತ್ತು. ಅದನ್ನು ಅವಳು ಫೋನಿನಲ್ಲಿ ಹೇಳಿದ್ದು, "ಅಂಕಲ್, ನಾನು ಫೇಲ್. ಸಪ್ಲಿಮೆಂಟರಿ ಉಂಟಂತೆ," ಎಂದು.

ನಾನೂ ಶಶಿಯೂ ಅವಳ ಮನೆಗೆ ಹೋಗಲು ಶುರುಮಾಡಿದ್ದು ಆಗ. ಅವಳ ಮನೆಯ ಹತ್ತಿರದ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಗುರುವಾರ ತುಂಬ ಜನ ಬರುತ್ತಾರೆ. ನಾವು ಮೊದಲು ಅಲ್ಲಿ ಮೇಣದ ಬತ್ತಿ ಹಚ್ಚಿ, ಆಮೇಲೆ ಗಲ್ಲಿಯಲ್ಲಿ ನಡೆದು ಅವಳ ಮನೆಗೆ ಹೋಗುತ್ತಿದ್ದೆವು. ಅಲ್ಲಿಗೆ ಹೋಗಿ ಎಂದು ಹೇಳಿದವಳೂ ಅವಳೇ. "ನಮ್ಮ ಬಾಲಯೇಸು ಅಂಗಿ ತೆಗೀಲಿಕ್ಕೆ ಹೇಳುವುದಿಲ್ಲ ಅಂಕಲ್. ಕೋಟು ಹಾಕ್ಕೊಂಡು ಬಂದ್ರೂ ಒಳಗೆ ಬಿಡ್ತಾನೆ." ಇಷ್ಟು ಹೇಳಲು ಅವಳಿಗೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು. ಲಿಲ್ಲಿಬಾಯಿ ಶಶಿಗೆ ತಾವೇ ಮಾಡಿದ ಕೇಕು ಕೊಟ್ಟು, ಅವಳು ತಿನ್ನುವುದನ್ನು ಕೂತು ನೋಡುತ್ತಿದ್ದರು. ತನ್ನ ಮಗಳ ಕಾಯಿಲೆಯೇ ಬಂದ ಹೆಂಗಸು ಹೀಗೆ ಹಸಿದು ತಿನ್ನುತ್ತಾಳೆ, ಗಟ್ಟಿಯಾಗಿ ನಡೆಯುತ್ತಾಳೆ ಎಂದು ಅವರಿಗೆ ಎಷ್ಟು ಆಸೆ ಹುಟ್ಟುತ್ತಿತ್ತೋ. ನಮ್ಮ ಸುಳ್ಳು ಯಾರಿಗೂ ಹಾನಿ ಮಾಡಿಲ್ಲ ಎಂದು ನಾನು ಅಲ್ಲಿಯವರೆಗೆ ನಂಬಿಕೊಂಡಿದ್ದೆ. ಆ ತಾಯಿಯ ನೋಟ ಕಂಡ ಮೇಲೆ ಹಾಗೆ ನಂಬುವುದು ಕಷ್ಟವಾಯಿತು. ಆದರೂ ಸುಮ್ಮನಿದ್ದೆ.

ಜೊವಿಟಾ ತೀರಿಕೊಂಡಳು. ಮಳೆಗಾಲ ಮುಗಿದು ಶಾಲೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆ ನಡೆಯುತ್ತಿದ್ದ ಸಮಯ. ಹಾಲ್‌ನಲ್ಲಿ ಬಿಳಿ ಗೌನು ಹಾಕಿ ಮಲಗಿಸಿದ್ದರು. ಯೂನಿಫಾರ್ಮಿನ ಮಕ್ಕಳು ಸಾಲಾಗಿ ಬಂದು ಹೂವಿಟ್ಟು ಹೋದರು. ಲಿಲ್ಲಿಬಾಯಿ ಶಶಿಯನ್ನು ಕಂಡವರೇ ಎದ್ದು ಬಂದು ಅಪ್ಪಿಕೊಂಡರು. "ನೀವಾದ್ರೂ ಉಳಿದ್ರಲ್ಲ. ನೀವಾದ್ರೂ ಇರಿ," ಎಂದು ಅವಳ ಬೆನ್ನು ಸವರಿದರು. ಶಶಿ ಅವರ ಹೆಗಲ ಮೇಲಿನಿಂದ ನನ್ನನ್ನು ನೋಡಿದಳು. ಸುತ್ತ ಜನ ತುಂಬಿದ್ದರು. ಸತ್ತ ಮನೆಯಲ್ಲಿ ನನ್ನ ಪುರಾಣ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ಕಾರಣಗಳು ಯಾವಾಗಲೂ ಕೈಗೆಟಕುವ ಹಾಗೆ ಇರುತ್ತವೆ. ಮಣ್ಣು ಹಾಕಿ ಮನೆಗೆ ಬಂದೆ.

ತಿಂಗಳಾದ ಮೇಲೆ ಅವಳ ಆತ್ಮಶಾಂತಿಗೆ ಚರ್ಚಿನಲ್ಲಿ ಪೂಜೆ ಇಟ್ಟಿದ್ದರು. ಚರ್ಚಿನಿಂದ ಬಂದವರಿಗೆ ಮನೆಯಂಗಳದಲ್ಲಿ ಊಟ, ಜೊವಿಟಾಳ ತಂದೆಯೇ ನಿಂತು ಬಡಿಸುತ್ತಿದ್ದರು. ನಾನು ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆ. ಲಿಲ್ಲಿಬಾಯಿ ಶಶಿಯ ಕೈ ಹಿಡಿದು ಒಳಗಿನ ಕೋಣೆಗೆ ಕರೆದುಕೊಂಡು ಹೋದದ್ದು ಕಾಣಿಸಿತು. ಸ್ವಲ್ಪ ಹೊತ್ತಿಗೆ ಶಶಿ ಹೊರಗೆ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. ನನ್ನ ಮುಂದೆ ನಿಂತು, ಯಾರಿಗೂ ಕೇಳದ ಹಾಗೆ ತುಳುವಿನಲ್ಲಿ ಹೇಳಿದಳು.

"ಅವರಿಗೆ ಒಂದು ಸಲ ನೋಡ್ಬೇಕಂತೆ. ಜೊವಿಟಾ ಕಡೆಯವರೆಗೂ ತೋರಿಸ್ಲಿಲ್ಲ. ಸತ್ತ ಮೇಲೆ ಬಟ್ಟೆ ಹಾಕುವಾಗಲೂ ಮಮ್ಮಿ ಕೋಣೆಯಲ್ಲಿ ಇರಬಾರದು ಅಂತ ಚಿಕ್ಕಮ್ಮನ ಹತ್ರ ಆಣೆ ಹಾಕಿಸಿದ್ದಳಂತೆ. ಮಗಳ ಮೈ ಹೇಗಾಗಿತ್ತು ಅಂತ ತಾಯಿಗೇ ಗೊತ್ತಿಲ್ಲ. ನಿಮ್ಮದಾದ್ರೂ ತೋರಿಸಿ, ನಿಮ್ಮ ಕಾಲು ಹಿಡೀತೇನೆ ಅಂತ ಕೇಳ್ತಾ ಇದ್ದಾರೆ." ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. "ನನ್ನ ಹತ್ರ ತೋರಿಸ್ಲಿಕ್ಕೆ ಎಂತ ಉಂಟು? ನೀವೇ ಹೋಗಿ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಶಶಿ ನನ್ನನ್ನು ಹಾಗೆ ನೋಡಿರಲಿಲ್ಲ. ಎದ್ದೆ.

ಅದು ಜೊವಿಟಾಳ ಕೋಣೆ. ಲಿಲ್ಲಿಬಾಯಿ ಮಂಚದ ಅಂಚಿನಲ್ಲಿ ಕೂತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಸೆರಗು ಸರಿಮಾಡಿಕೊಂಡರು. ಹೆಂಡತಿಯ ಹತ್ತಿರ ಹೀಗೆಲ್ಲ ಕೇಳಿದ್ದಕ್ಕೆ ನಾನು ಜಗಳಕ್ಕೆ ಬಂದೆ ಎಂದುಕೊಂಡರೋ ಏನೋ. "ತಪ್ಪಾಯ್ತು, ನಾನು ಹಾಗೆ ಕೇಳಬಾರದಿತ್ತು," ಎಂದು ಎದ್ದು ನಿಂತರು.

"ಬಾಯಮ್ಮ, ಕಾಯಿಲೆ ಬಂದದ್ದು ಅವಳಿಗಲ್ಲ," ಎಂದೆ. "ನನಗೆ."

ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಬೇಕಾಯಿತು. ಜೊವಿಟಾಳ ಪಕ್ಕದ ಮಂಚದಲ್ಲಿ ಮಲಗುತ್ತಿದ್ದವನು ನಾನು, ಮದ್ದು ಹಾಕಿಸಿಕೊಂಡವನು ನಾನು, ಜನ ನಗುತ್ತಾರೆಂದು ಹೆಂಡತಿಯ ಹೆಸರಿನ ಹಿಂದೆ ಅಡಗಿಕೊಂಡವನು ನಾನು. ಹೇಳುತ್ತಾ ಹೋದ ಹಾಗೆ ಮಾತು ಸಣ್ಣದಾಗುತ್ತಾ ಹೋಯಿತು.

"ಜೊವಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೇಳಬೇಡ ಅಂತ ನಾನೇ ಹೇಳಿದ್ದೆ."

"ನನ್ನ ಹತ್ರ ಹೇಳ್ಲೇ ಇಲ್ಲ," ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಿತ್ತು. ಕಿಟಕಿಯಲ್ಲಿಟ್ಟಿದ್ದ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಮತ್ತೆ ನನ್ನ ಎದುರು ಬಂದು ನಿಂತು ಕಾದರು.

ನಾನು ಅಂಗಿಯ ಗುಂಡಿ ಬಿಚ್ಚಿದೆ. ಬನಿಯನ್ ತಲೆಯ ಮೇಲಿನಿಂದ ಎಳೆದು ತೆಗೆದೆ. ಡಾಕ್ಟರು, ನರ್ಸು, ಶಶಿ ಬಿಟ್ಟರೆ ಅದನ್ನು ಯಾರೂ ನೋಡಿರಲಿಲ್ಲ. ನಾನೇ ಕನ್ನಡಿಯಲ್ಲಿ ಸರಿಯಾಗಿ ನೋಡಿಕೊಂಡವನಲ್ಲ. ಲಿಲ್ಲಿಬಾಯಿ ಬಗ್ಗಿ, ಕಂಕುಳದಿಂದ ಎದೆಯ ನಡುವಿನವರೆಗೆ ನಿಧಾನವಾಗಿ ನೋಡಿದರು.

"ನೋವುಂಟಾ?"

"ಈಗ ಇಲ್ಲ."

"ಅವಳಿಗೆ ಇತ್ತಾ?"

"ಇತ್ತು ಬಾಯಮ್ಮ."

ಅವರು ತಲೆಯಾಡಿಸಿದರು. ಬೆರಳು ಮುಂದೆ ತಂದರು, ಮುಟ್ಟಲಿಲ್ಲ. "ಇಷ್ಟೇಯಾ?" ಎಂದರು. "ಇಷ್ಟನ್ನೇ ಅವಳು ನನಗೆ ತೋರಿಸದೆ ಹೋದದ್ದು? ಇದನ್ನು ನೋಡಿ ನಾನು ಸಾಯ್ತಿದ್ದೆನಾ? ನಾನು ಎಣ್ಣೆ ಹಚ್ಚಿ ಕೊಡ್ತಿದ್ದೆ."

ನಾನು ಇಷ್ಟು ದಿನ ನಾಚಿಕೆಪಟ್ಟದ್ದು ಆ ಗೆರೆಗೆ. ಈಗ ನಾಚಿಕೆಯಾದದ್ದು, ಅದೇ ಗೆರೆ ಹೊತ್ತು ಆ ಕೋಣೆಯಲ್ಲಿ ನಿಂತು ಉಸಿರಾಡುತ್ತಿರುವವನು ನಾನು ಎಂಬುದಕ್ಕೆ. ನನ್ನ ಜಾಗದಲ್ಲಿ ಯಾರು ಇರಬೇಕಿತ್ತು ಎಂದು ಇಬ್ಬರಿಗೂ ಗೊತ್ತಿತ್ತು.

ಅವರು ಬಾಗಿಲಿನ ಕಡೆ ತಿರುಗಿ, ಅಂಗಳಕ್ಕೆ ಕೇಳುವ ಹಾಗೆ, ಕೊಂಕಣಿಯಲ್ಲಿ ಗಂಡನನ್ನು ಕರೆದರು. ಬಂದು ನೋಡಿ, ನಮ್ಮ ಜೊವಿಗೆ ಹೀಗಿತ್ತಂತೆ, ಬಂದು ನೋಡಿ ಎಂದು ಮತ್ತೆ ಮತ್ತೆ ಕರೆದರು. ಹೊರಗೆ ಊಟದ ಗದ್ದಲ ಒಮ್ಮೆಲೇ ನಿಂತಿತು. ಕುರ್ಚಿಗಳು ಸರಿದವು. ಒಬ್ಬರಲ್ಲ, ಹಲವರು ಎದ್ದು ಬರುತ್ತಿರುವುದು ಗೊತ್ತಾಯಿತು. ಅಂಗಿ ನನ್ನ ಕೈಯಲ್ಲೇ ಇತ್ತು. ಹಾಕಿಕೊಳ್ಳಲು ಸಮಯವೂ ಇತ್ತು. ಹಾಕಿಕೊಳ್ಳಲಿಲ್ಲ.